ಎರಡು ಪಾತ್ರೆ ಅನ್ನ

ಮಲೇಷ್ಯಾದ ಪುಚೊಂಗ್‌ನಿಂದ ನಾವು ಅಕ್ಕಿ ತರಲು ಹೋಗುತ್ತಿದ್ದ ಹಳ್ಳಿಯಲ್ಲಿ ತಮಿಳು ರೈತ ಅಕ್ಕನೊಬ್ಬರಿದ್ದರು. ಬೆಲೆ ಕೇಳಿದರೆ, ಕೆಸರಿನ ಬೂಟು ಕಳಚುತ್ತಾ "ಮೊದಲು ತಿನ್ನಿ ಲಾ" ಎಂದು ಅಲ್ಲಿನವರಂತೆ ಮಾತಿನ ಕೊನೆಗೊಂದು 'ಲಾ' ಸೇರಿಸಿ ಹೇಳುತ್ತಿದ್ದರು.

ಒಂದು ಭಾನುವಾರ ಅವರ ಜಗಲಿಯಲ್ಲಿ ರೈತರ ವಾದ ಜೋರಾಗಿತ್ತು. ಭತ್ತವನ್ನು ಧಾನ್ಯ ಮಂಡಳಿಗೇ ಕೊಡಬೇಕೋ, ಗಡಿಯಾಚೆ ಮಾರಲು ಬಿಡಿ ಎಂದು ಕೇಳಬೇಕೋ?

"ಯಾರ ಗದ್ದೇದಾದ್ರೇನು, ಅಕ್ಕಿ ಅಕ್ಕಿನೇ. ಮಂಡಳಿ ಎಲ್ಲಾನೂ ಒಟ್ಟಿಗೆ ಸುರಿದು ಒಂದೇ ರೇಟ್ ಕೊಡುತ್ತೆ. ನೆಮ್ಮದಿ ಲಾ," ಎಂದರು ಹಿರಿಯರೊಬ್ಬರು.

"ಮೊದಲು ತಿನ್ನಿ ಲಾ." ಅಕ್ಕ ಎರಡು ಪಾತ್ರೆ ಅನ್ನ ತಂದಿಟ್ಟರು. ಒಂದು ಮಂಡಳಿಯ ಅಕ್ಕಿಯದು, ಇನ್ನೊಂದು ತಮ್ಮ ಗದ್ದೆಯದು. ಯಾವುದು ಯಾವುದೆಂದು ಹೇಳಲಿಲ್ಲ. ಎರಡನ್ನೂ ಉಂಡ ಆ ಹಿರಿಯರು ತಟ್ಟೆ ಚಾಚಿದರು.

"ಯಾವುದರಿಂದ ಹಾಕ್ಲಿ, ಅಣ್ಣ?"

ಅವರು ಬೆರಳು ತೋರಿಸಿದ್ದು ಅಕ್ಕನ ಗದ್ದೆಯ ಅನ್ನದತ್ತ.

"ಅಕ್ಕಿ ಅಕ್ಕಿನೇ ಅಲ್ವಾ?" ಎನ್ನುತ್ತಾ ಅಕ್ಕ ಸೌಟು ತುಂಬ ಬಡಿಸಿದರು. ಜಗಲಿಯೇ ಹೋ ಎಂದು ಕೂಗಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಆ ಹಿರಿಯರೇ.