ಲಾಬಿಯಲ್ಲಿ ತೂಗುವ ರಾಟೆ

ಇವತ್ತು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಲಾಬಿಯಲ್ಲಿ ಲಿಫ್ಟಿಗೆ ಕಾಯುತ್ತ ನಿಂತಿದ್ದಾಗ ತಲೆಯ ಮೇಲೆ ಏನೋ ಕಿರ್ ಎಂದಿತು. ನೋಡಿದರೆ ಬಾವಿಯ ಹಳೆಯ ರಾಟೆ. ಅದಕ್ಕೆ ವಾರ್ನಿಶ್ ಬಳಿದು, ಹಗ್ಗದ ಬದಲು ಸರಪಳಿ ಹಾಕಿ, ಒಂದು ಮನಿಪ್ಲಾಂಟಿನ ಕುಂಡ ನೇತುಹಾಕಿದ್ದೆವು. ನೀರಿಲ್ಲದೆ ಗಿಡ ಒಣಗಿ ಕಡ್ಡಿಯಾಗಿತ್ತು. ಆದರೂ ಬಂದ ನೆಂಟರೆಲ್ಲ ಅದರ ಕೆಳಗೆ ಫೋಟೊ ತೆಗೆಸಿಕೊಂಡು, ಎಷ್ಟು ಚೆನ್ನಾಗಿ ಹಳ್ಳಿ ಕಳೆ ಉಳಿಸಿಕೊಂಡಿದ್ದೀರಿ ಎಂದು ಹೊಗಳುತ್ತಿದ್ದರು.

ರಾಟೆ ನಮ್ಮ ಹಿಂದಿನ ವಠಾರದ ಚಿನ್ನಮ್ಮನವರ ಬಾವಿಯದು. ಆ ಬಾವಿಯನ್ನು ಮುಚ್ಚಿಸಿದವನು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾದ ನಾನು. ಬೈಯುವ ಮೊದಲು ಪೂರ್ತಿ ಕೇಳಿ. ಆಮೇಲೆ ಬೈಯಲು ಇನ್ನೂ ಅನುಕೂಲವಾಗುತ್ತದೆ.

ಸಿಂಗಸಂದ್ರದ ಈ ಜಾಗ ಚಿನ್ನಮ್ಮನವರ ಮಾವನ ರಾಗಿ ಹೊಲವಾಗಿತ್ತು. ಬಿಲ್ಡರಿಗೆ ಕೊಡುವಾಗ ಆತ ಕೇಳಿಕೊಂಡದ್ದು ಒಂದೇ: ಬಾವಿ ಇರಬೇಕು, ಕಾಂಪೌಂಡಿನ ಹಿಂದೆ ಪುಟ್ಟ ಗೇಟಿರಬೇಕು, ತನ್ನ ಮನೆಯವರು ಬಂದು ನೀರು ಸೇದಿಕೊಳ್ಳುವಂತಿರಬೇಕು. ಎಲ್ಲ ಬಾಯಿಮಾತಿನಲ್ಲೇ ಆಯಿತು. ಚಿನ್ನಮ್ಮ ದಿನಾ ಬರುತ್ತಿದ್ದರು. ಅವರ ವಠಾರದಲ್ಲಿ ಬಾಡಿಗೆಗಿದ್ದ ರಾಯಚೂರಿನ ಗಾರೆ ಕೆಲಸದವರೂ ಬರುತ್ತಿದ್ದರು. ನಾನು ಮನೆಯಿಂದಲೇ ಆಫೀಸು ಕೆಲಸ ಮಾಡುತ್ತಿದ್ದ ಕಾಲ ಅದು. ರಾಟೆಯ ಸದ್ದು ನನ್ನ ಆನ್‌ಲೈನ್ ಮೀಟಿಂಗಿಗೂ ಬರುತ್ತಿತ್ತು. ಒಂದು ದಿನ ಪುಣೆಯಲ್ಲಿದ್ದ ಮ್ಯಾನೇಜರು, ಅಲ್ಲೇನು ನವಿಲು ಸಾಕಿದ್ದೀರಾ ಎಂದು ಕೇಳಿದ. ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು. ನನ್ನಂಥವನಿಗೆ ಅವಮಾನವಾದರೆ ಸಾರ್ವಜನಿಕ ಆರೋಗ್ಯದ ಚಿಂತೆ ಹತ್ತಿಕೊಳ್ಳುತ್ತದೆ.

ಸೊಳ್ಳೆ, ಮಕ್ಕಳ ಸುರಕ್ಷತೆ, ಹೊರಗಿನವರ ಓಡಾಟ ಎಂದು ಏಳು ಕಾರಣ ಬರೆದು ಸಭೆಯ ಮುಂದಿಟ್ಟೆ. ಏಳನೆಯದು ಅತಿಥಿಗಳ ಪಾರ್ಕಿಂಗ್. ಎಂಟನೆಯದು ನವಿಲು, ಅದನ್ನು ಬರೆಯಲಿಲ್ಲ. ಸುದ್ದಿ ತಿಳಿದು ಚಿನ್ನಮ್ಮ ಸಭೆಗೇ ಬಂದರು.

"ಬಾವಿ ಮುಚ್ಚಬ್ಯಾಡಿ ಸಾರ್. ನಿಮ್ಮ ತಾರಸಿ ಮಳೆನೀರು ಸುಮ್ಕೆ ಮೋರಿಗೆ ಓಯ್ತೈತೆ. ಅದ್ನ ಬಾವಿಗೆ ಬುಡಿ. ನಿಮ್ ಬೋರೂ ಬತ್ತಾಕಿಲ್ಲ."

"ನೋಡಮ್ಮ, ಇದೆಲ್ಲ ಟೆಕ್ನಿಕಲ್ ವಿಷಯ," ಎಂದೆ. ನಾನು ಓದಿದ್ದು ಕಂಪ್ಯೂಟರು. ಅವರು ನನ್ನ ಮುಖವನ್ನೊಮ್ಮೆ ನೋಡಿ ಎದ್ದು ಹೋದರು. ವಾರದೊಳಗೆ ಬಾವಿಗೆ ಕಟ್ಟಡದ ಕಸ ಸುರಿದು, ಗೇಟಿದ್ದ ಕಡೆ ಗೋಡೆ ಎಬ್ಬಿಸಿ, ಮೇಲೆ ಟೈಲ್ಸ್ ಹಾಸಿ ಅತಿಥಿಗಳ ಪಾರ್ಕಿಂಗ್ ಮಾಡಿದೆವು. ರಾಟೆಯನ್ನು ಮಾತ್ರ ಎಸೆಯಲು ಮನಸ್ಸಾಗಲಿಲ್ಲ. ನಮಗೆ ಪರಂಪರೆಯ ಮೇಲೆ ಬಹಳ ಪ್ರೀತಿ.

ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ನಮ್ಮ ಬೋರ್‌ವೆಲ್ ಗಾಳಿ ಉಗುಳತೊಡಗಿತು. ಮಹಡಿಗೊಂದರಂತೆ 'ನೀರು ಉಳಿಸಿ' ಎಂಬ ಫಲಕ ಹಾಕಿ, ಧೂಳು ಕೂರದಂತೆ ವಾರಕ್ಕೊಮ್ಮೆ ಪೈಪು ಹಿಡಿದು ತೊಳೆಸಿದೆವು. ರಸ್ತೆಯಲ್ಲಿ ಬಿಂದಿಗೆ ಸಾಲಿಟ್ಟುಕೊಂಡು ಟ್ಯಾಂಕರಿಗೆ ಕಾಯುತ್ತ ನಿಂತ ಚಿನ್ನಮ್ಮ ಕಂಡರೆ, ನಾನು ಫೋನ್ ಬಂದವನಂತೆ ಕಿವಿಗೆ ಕೈ ಹಚ್ಚುತ್ತಿದ್ದೆ. ಕೊನೆಗೆ ಕಳೆದ ವಾರ ಅಂತರ್ಜಲದ ತಜ್ಞರೊಬ್ಬರನ್ನು ಕರೆಸಿದೆವು. ಅವರು ನಕ್ಷೆ ಹಿಡಿದು ಆವರಣವನ್ನೆಲ್ಲ ಸುತ್ತಿ, ಅತಿಥಿಗಳ ಪಾರ್ಕಿಂಗಿನ ನಟ್ಟನಡುವೆ ನಿಂತು ಷೂನಿಂದ ಟೈಲ್ಸ್ ತಟ್ಟಿದರು.

"ಇಲ್ಲೊಂದು ಇಂಗುಬಾವಿ ತೋಡಿಸ್ಬಿಡಿ ಸಾರ್. ತಾರಸಿ ನೀರೆಲ್ಲ ಇದಕ್ಕೇ ಬಿಡಿ, ಬೋರ್ ಚೇತರಿಸ್ಕೊಳ್ಳುತ್ತೆ. ಜಾಗ ಸಕ್ಕತ್ತಾಗಿದೆ."

ಸಮಿತಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹೊಸ ಬಾವಿಯ ನಕ್ಷೆಯಲ್ಲಿ ಮುಚ್ಚಳವಿದೆ, ಮುಚ್ಚಳಕ್ಕೆ ಬೀಗವಿದೆ. ಸೇದುವುದಕ್ಕೆ ರಾಟೆಯಿಲ್ಲ, ಹಿಂದೆ ಗೇಟೂ ಇಲ್ಲ.

ಬೆಳಿಗ್ಗೆ ಆ ಕಿರ್ ಕೇಳಿದ ಮೇಲೆ ನನಗೆ ಆಫೀಸಿಗೆ ಹೋಗಲಾಗಲಿಲ್ಲ. ಏಣಿ ತರಿಸಿ ರಾಟೆ ಇಳಿಸಿದೆ. ಗೇಟಿನಲ್ಲಿ ಸೆಕ್ಯುರಿಟಿಯವರು ತಡೆದರು.

"ಸಾಮಾನು ಹೊರಗೆ ಹೋಗ್ಬೇಕಂದ್ರೆ ಗೇಟ್‌ಪಾಸ್ ಬೇಕು ಸಾರ್. ನೀವೇ ಮಾಡಿರೋ ರೂಲು."

ಬರೆದುಕೊಟ್ಟೆ. ಮಾಲೀಕರು ಎಂಬಲ್ಲಿ ಚಿನ್ನಮ್ಮ ಎಂದು ತುಂಬುವಾಗ ನಿಜಕ್ಕೂ ನಾಚಿಕೆಯಾಯಿತು.

ವಠಾರಕ್ಕೆ ಒಯ್ದು, ಹೊಸ ಬಾವಿಯ ಸುದ್ದಿ ಹೇಳಿ ಕೊಟ್ಟೆ. ಚಿನ್ನಮ್ಮ ರಾಟೆಯನ್ನು ಸೆರಗಿನಿಂದ ಒರೆಸಿ, ಒಂದು ಸುತ್ತು ತಿರುಗಿಸಿದರು.

"ಎಣ್ಣೆ ಆಕಿಲ್ವಲ್ಲ ಸಾರ್, ಅದ್ಕೇ ಇಂಗೆ ಕಿರ್ ಅಂತೈತೆ," ಎಂದರು. ಆಮೇಲೆ ಕೇಳಿದರು: "ಬರೀ ಇದ್ನ ಮಡೀಕಂಡು ನಾನೇನ್ ಮಾಡ್ಲಿ? ಗ್ವಾಡೆ ಯಾವಾಗ ಒಡೀತೀರ?"

ಭಾನುವಾರ ಸಭೆಯಿದೆ. ಬೀಗ ಬೇಡ, ರಾಟೆ ಬೇಕು, ಗೋಡೆ ಒಡೆದು ಗೇಟು ಇಡಬೇಕು ಎಂದು ನೋಟೀಸು ಬರೆಯಲು ಕೂತಿದ್ದೇನೆ. ಅವತ್ತು ಏಳು ಕಾರಣಗಳು ಸಲೀಸಾಗಿ ಬಂದಿದ್ದವು. ಇವತ್ತು ಎಷ್ಟು ಹೊತ್ತಾದರೂ ಪೆನ್ನು ಮುಂದೆ ಹೋಗಲಿಲ್ಲ. ಕೊನೆಗೆ ಅವತ್ತು ಬಿಟ್ಟಿದ್ದ ಎಂಟನೆಯದನ್ನೇ, ಆ ನವಿಲಿನ ಮಾತನ್ನೇ, ಮೊದಲ ಸಾಲಿನಲ್ಲಿ ಬರೆದು, ಕೆಳಗೆ ಸಹಿ ಹಾಕಿದೆ.