ಹುಲಿಗೆಪ್ಪ ರುಚಿ ನೋಡದ ಓಲ್ಡ್ ಫ್ಯಾಷನ್ಡ್

ವಿಸ್ಕಿಗೆ ಸೋಡಾ ಸಾಕು, ಜೊತೆಗೆ ಒಂದಿಷ್ಟು ಹುರಿದ ಕಡಲೆಕಾಯಿಬೀಜ ಇದ್ದರೆ ಸ್ವರ್ಗ ಎಂದು ನಂಬಿಕೊಂಡೇ ಅರವತ್ತು ದಾಟಿದವನು ನಾನು. ಅದಕ್ಕೆ ಸಕ್ಕರೆ ಹಾಕಿ, ಕಹಿ ಹಾಕಿ, ಮೇಲೆ ಕಿತ್ತಳೆ ಸಿಪ್ಪೆ ಹಿಂಡಿ ಕುಡಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅಂಥ ನನ್ನ ಬಾಯಿ ಮುಚ್ಚಿಸಿದವನು ನಮ್ಮ ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಹುಲಿಗೆಪ್ಪ.

ನಮ್ಮದು ಹೊಸ ತಿಪ್ಪಸಂದ್ರ. ತಾತ ರಾಗಿ ಬೆಳೆದ ಹೊಲದಲ್ಲಿ ಅಪ್ಪ ಮನೆ ಕಟ್ಟಿದರು. ನಾನು ವಿಮಾನ ಕಾರ್ಖಾನೆಯ ಕೆಲಸದಲ್ಲಿದ್ದಾಗ ಅದರ ಮೇಲೆ ಕೋಣೆಗಳನ್ನು ಏರಿಸಿದೆ. ಹುಲಿಗೆಪ್ಪ ಕೊಪ್ಪಳದ ಕಡೆಯಿಂದ ತಾಯಿ ಜಟ್ಟೆಮ್ಮನ ಜೊತೆ ಬಂದಾಗ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಆಮೇಲೆ ಇಂದಿರಾನಗರದ ಒಂದು ಬಾರಿನಲ್ಲಿ ಗ್ಲಾಸು ತೊಳೆಯಲು ಸೇರಿದ. ತೊಳೆಯುತ್ತಲೇ ನೋಡಿ ಕಲಿತು, ಕೌಂಟರಿನ ಹಿಂದೆ ನಿಂತು ಡ್ರಿಂಕ್ ಮಾಡಿಕೊಡುವವನಾದ. ಇದು ನನಗೆ ಗೊತ್ತಿತ್ತು, ನನ್ನ ಹೆಂಡತಿ ಯಮುನಾಗೂ ಗೊತ್ತಿತ್ತು. ಜಟ್ಟೆಮ್ಮನಿಗೆ ಮಾತ್ರ ಗೊತ್ತಿರಲಿಲ್ಲ. ಮಗ ದೊಡ್ಡ ಹೋಟೆಲಿನಲ್ಲಿ ಹಣ್ಣಿನ ರಸ ತೆಗೆಯುತ್ತಾನೆ ಎಂದು ಆಕೆ ತಿಳಿದಿದ್ದಳು. ಅವನ ಕೈ ಯಾವಾಗಲೂ ಕಿತ್ತಳೆಯ ವಾಸನೆ ಹೊಡೆಯುತ್ತಿತ್ತು, ಹಾಗಾಗಿ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಮುಚ್ಚಿಟ್ಟಿದ್ದಕ್ಕೆ ಕಾರಣ ಅವನಪ್ಪ. ಸಾರಾಯಿ ಅಂಗಡಿಗೆ ದುಡಿಮೆಯನ್ನೆಲ್ಲ ಸುರಿದು, ಕೊನೆಗೆ ತನ್ನನ್ನೂ ಸುರಿದುಕೊಂಡು ಹೋದ ಮನುಷ್ಯ. ಗಂಡನ ದಿನಕರ್ಮ ಮುಗಿದ ಮೇಲೆ ಜಟ್ಟೆಮ್ಮ ಮಗನನ್ನು ಕೊಪ್ಪಳದ ಹತ್ತಿರದ ಹುಲಿಗಿಗೆ ಕರೆದೊಯ್ದು, ಹುಲಿಗೆಮ್ಮ ದೇವಿಯ ಗುಡಿಯ ಹೊಸ್ತಿಲು ಮುಟ್ಟಿಸಿ ಆಣೆ ಹಾಕಿಸಿದ್ದಳು: ಮದ್ಯವನ್ನು ನಾಲಿಗೆಗೆ ಮುಟ್ಟಿಸುವುದಿಲ್ಲ. ಹುಲಿಗೆಪ್ಪ ಆ ಮಾತು ಉಳಿಸಿಕೊಂಡು ಬಂದಿದ್ದ. ಬಾರಿನಲ್ಲಿ ಕೆಲಸ ಮಾಡುವವನು ಮದ್ಯದ ರುಚಿಯನ್ನೇ ಅರಿಯದಿದ್ದರೆ ಹೇಗೆ ಎಂದು ನಾನು ಸುಮಾರು ಸಲ ಅವನ ಕಾಲೆಳೆದಿದ್ದೇನೆ.

"ನಿಖಿತಾ ಅದಾಳಲ್ರಿ ಅಣ್ಣಾರ," ಎನ್ನುತ್ತಿದ್ದ. ಜೊತೆಗೆ ಕೆಲಸ ಮಾಡುವ ಹುಡುಗಿ ಅವಳು. ಕೊಡುವ ಮೊದಲು ಒಂದು ಸ್ಟ್ರಾ ಅದ್ದಿ ಹನಿಯಷ್ಟು ರುಚಿ ನೋಡಬೇಕೆಂಬುದು ಆ ಕೌಂಟರಿನ ನಿಯಮ. ಹುಲಿಗೆಪ್ಪ ಮಾಡಿದ್ದನ್ನು ಅವನ ಪರವಾಗಿ ನಿಖಿತಾ ನೋಡುತ್ತಿದ್ದಳು. ಅವಳಿಗೆ ತಿದ್ದುವ ಪ್ರಮೇಯ ಬರುತ್ತಿದ್ದುದೇ ಅಪರೂಪವಂತೆ.

ರುಚಿ ನೋಡದೆ ಹದ ಹಿಡಿಯುವುದು ಅವನಿಗೆ ಎಲ್ಲಿಂದ ಬಂತು ಎಂದು ನನಗೆ ಹೊಳೆದದ್ದು ಒಂದು ಮಂಗಳವಾರ. ಜಟ್ಟೆಮ್ಮ ಮಂಗಳವಾರ ತಪ್ಪದೆ ಹೋಳಿಗೆ, ಅನ್ನ, ಸಾರು ಮಾಡಿ ಹುಲಿಗೆಮ್ಮನ ಪಟಕ್ಕೆ ಎಡೆ ಇಟ್ಟು, ಆಮೇಲೆ ನಮಗೂ ಕೊಟ್ಟುಕಳಿಸುತ್ತಾಳೆ. ಉಪ್ಪು ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಮ್ಮಿಯಿಲ್ಲ.

"ಬಾಯಿಗೆ ಹಾಕ್ಕೊಳ್ದೆ ಹೇಗೆ ಗೊತ್ತಾಗುತ್ತೆ ಜಟ್ಟೆಮ್ಮ?" ಎಂದು ಯಮುನಾ ಕೇಳಿದಳು.

"ದೇವಿಗಿಂತ ಮೊದ್ಲ ನಾ ಉಂಡ್ರ ಅದು ಎಂಜಲಾ ಆಗತೈತ್ರಿ ಅಕ್ಕಾರ. ಕುದಿಯೂ ಸಪ್ಪಳ ಕೇಳಬೇಕು, ವಾಸನಿ ಹಿಡೀಬೇಕು, ಕಣ್ಣಾಗ ಬಣ್ಣ ಇರಬೇಕು."

"ಅಕಸ್ಮಾತ್ ಕೆಟ್ಟೋದ್ರೆ?"

"ಕೆಟ್ಟದ್ದನ್ನ ತಿದ್ದಿ ಎಡಿ ಹಿಡಿಯಂಗಿಲ್ರಿ. ಬ್ಯಾರೆ ಮಾಡೂದು."

ಹುಲಿಗೆಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದ.

ಆ ವರ್ಷ ಬಾರಿನ ಒಡತಿ ಪ್ರಿಯದರ್ಶಿನಿ ಹಲಸೂರಿನಲ್ಲಿ ಇನ್ನೊಂದು ಬಾರು ತೆರೆಯಲು ಹೊರಟರು. ಅಲ್ಲಿನ ಕೌಂಟರಿಗೆ ಯಜಮಾನ ಯಾರು ಎಂಬುದಕ್ಕೆ ಹುಲಿಗೆಪ್ಪ, ನಿಖಿತಾ ಇಬ್ಬರಿಗೂ ಪಂದ್ಯ ಇಟ್ಟರು. ಮಾಡಬೇಕಾದ ಡ್ರಿಂಕ್ ಒಂದೇ, ಓಲ್ಡ್ ಫ್ಯಾಷನ್ಡ್. ತೀರ್ಪು ಕೊಡಲು ಬಂದವರು ದಂಡು ಪ್ರದೇಶದ ಹಳೆಯ ಕ್ಲಬ್ಬೊಂದರಲ್ಲಿ ಜೀವಮಾನವೆಲ್ಲ ಡ್ರಿಂಕ್ ಮಾಡಿಕೊಟ್ಟು ನಿವೃತ್ತರಾದ ಮುನಿರಾಜಪ್ಪ. ಸ್ಪರ್ಧಿಗಳು ಮನೆಯವರೊಬ್ಬರನ್ನು ಕರೆತರಬಹುದಿತ್ತು. ತಾಯಿಯನ್ನು ಕರೆಯುವಂತಿರಲಿಲ್ಲವಲ್ಲ, ಹುಲಿಗೆಪ್ಪ ನನ್ನನ್ನು ಕರೆದ. ನಾನೂ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ.

ಮಧ್ಯಾಹ್ನದ ಹೊತ್ತು, ಬಾರು ಖಾಲಿ. ಮುನಿರಾಜಪ್ಪ ಮೊದಲು ಆ ಪಾನೀಯದ ಪುರಾಣ ಹೇಳಿದರು. ಇನ್ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಕಾಕ್‌ಟೇಲ್ ಎಂದರೆ ಇಷ್ಟೇ ಆಗಿತ್ತಂತೆ: ಮದ್ಯ, ಸಕ್ಕರೆ, ನೀರು, ಬಿಟರ್ಸ್. ಬಿಟರ್ಸ್ ಎಂದರೆ ಬೇರು ತೊಗಟೆಗಳನ್ನು ನೆನೆಸಿಟ್ಟ ಕಹಿ ರಸ, ಮೊದಮೊದಲು ಹೊಟ್ಟೆಯ ಔಷಧಿ. ಬರಬರುತ್ತಾ ಬಾರಿನವರು ಅದಕ್ಕೆ ಕಂಡಕಂಡದ್ದನ್ನು ಸುರಿಯತೊಡಗಿದಾಗ ಹಳಬರು ರೇಗಿ, ನಮಗೆ ಹಳೇ ಪದ್ಧತಿಯಲ್ಲೇ ಕೊಡಯ್ಯ ಎಂದರಂತೆ. ಹೆಸರು ಅಂಟಿಕೊಂಡದ್ದು ಹಾಗೆ. ಅದು ಯಾವ ಊರಲ್ಲಿ ಮೊದಲಾಯಿತು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲವಂತೆ. ಹಳಬರು ರೇಗಿದ್ದು ಕೇಳಿ ನನಗೆ ಮೊದಲ ಸಲ ಆ ಡ್ರಿಂಕಿನ ಮೇಲೆ ಗೌರವ ಬಂತು.

"ಮೂರು ಗ್ಲಾಸ್ ಮಾಡ್ಬೇಕು. ಮೂರೂ ಒಂದೇ ಥರ ಇರ್ಬೇಕು. ಟೇಸ್ಟ್ ನೋಡಿ ಕೊಡ್ಬೇಕು," ಎಂದರು ಮುನಿರಾಜಪ್ಪ.

ನಿಖಿತಾ ಚೆನ್ನಾಗಿಯೇ ಮಾಡಿದಳು. ಮುನಿರಾಜಪ್ಪ ಎರಡು ಸಲ ತಲೆದೂಗಿದರು. ನಂತರ ಹುಲಿಗೆಪ್ಪನ ಸರದಿ. ಇವತ್ತು ನಿಖಿತಾ ಎದುರಾಳಿ, ಅವಳ ನಾಲಿಗೆ ಸಾಲ ಸಿಗುವಂತಿಲ್ಲ. ಅವನು ಮುಂದಿದ್ದ ಸ್ಟ್ರಾವನ್ನು ಪಕ್ಕಕ್ಕೆ ಸರಿಸಿದ.

"ನಾ ರುಚಿ ನೋಡಂಗಿಲ್ರಿ. ಅವ್ವಗ ಆಣಿ ಮಾಡೀನಿ."

"ರೂಲ್ ಎಲ್ಲರಿಗೂ ಒಂದೇ ಹುಲಿಗೆಪ್ಪ," ಎಂದರು ಪ್ರಿಯದರ್ಶಿನಿ. ಗದರಲಿಲ್ಲ, ಆದರೆ ಸಡಿಲವೂ ಬಿಡಲಿಲ್ಲ. "ಒಂದು ಹನಿ ತಾನೇ?"

"ಒಂದು ಹನಿಗೂ ಆಣಿ ಮುರದಂಗ್ರಿ."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ಹನಿಗೆ ಹುಲಿಗೆಮ್ಮ ಮುನಿಯುತ್ತಾಳೇನೋ ಪೆದ್ದ, ನೆಕ್ಕಿಬಿಡು ಎಂದು ಕೂಗಬೇಕೆನಿಸಿತು. ಮುನಿರಾಜಪ್ಪ ಕೈಯೆತ್ತಿದರು.

"ಮಾಡ್ಲಿ ಬಿಡಮ್ಮ. ಮೂರರಲ್ಲಿ ಒಂದು ಹೆಚ್ಚುಕಮ್ಮಿ ಆದ್ರೂ ಮನೆಗೆ ಹೋಗ್ತಾನೆ. ಒಪ್ಪಿಗೆನೇನಪ್ಪ?"

"ಒಪ್ಪಿಗಿ ಐತ್ರಿ."

ಗ್ಲಾಸಿನ ತಳಕ್ಕೆ ಸಕ್ಕರೆ ಅಚ್ಚು ಹಾಕಿ, ಬಿಟರ್ಸಿನ ಹನಿ ಬಿಟ್ಟು, ಅದು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಚೂರು ನೀರು ಸೇರಿಸಿ ಅರೆದ. ಕರಕರ ಸದ್ದು ನಿಲ್ಲುವ ತನಕ ಬಿಡಲಿಲ್ಲ. ವಿಸ್ಕಿ ಹೊಯ್ದು, ದೊಡ್ಡ ಐಸ್ ಗಡ್ಡೆ ಇಳಿಸಿ, ಉದ್ದನೆಯ ಚಮಚದಿಂದ ಮೆಲ್ಲಗೆ ತಿರುಗಿಸಿದ. ಕಿವಿ ಗ್ಲಾಸಿನ ಕಡೆ, ಬೆರಳ ಹಿಂಬದಿ ಗ್ಲಾಸಿನ ಮೇಲೆ. ಹೊರಗೆ ಮಂಜು ಕಟ್ಟುತ್ತಾ ಮೇಲೇರಿತು, ಚಮಚ ಎತ್ತಿದ. ಕಿತ್ತಳೆ ಸಿಪ್ಪೆಯನ್ನು ಮೇಲೆ ಹಿಚುಕಿ ಅಂಚಿಗೆ ಸವರಿ ಒಳಗೆ ಬಿಟ್ಟ. ಎರಡನೆಯದೂ ಹಾಗೆಯೇ ಆಯಿತು.

ಮೂರನೆಯದನ್ನು ತಿರುಗಿಸುವಾಗ ಟಕ್ ಎಂದು ಸಣ್ಣ ಸದ್ದು. ಐಸು ಎರಡು ಹೋಳಾಗಿತ್ತು. ಹುಲಿಗೆಪ್ಪ ಚಮಚ ತೆಗೆದು ಆ ಗ್ಲಾಸನ್ನು ಪಕ್ಕಕ್ಕಿಟ್ಟ, ಹೊಸ ಗ್ಲಾಸು ತೆಗೆದುಕೊಂಡ.

"ಏ, ಯಾಕೆ? ಚೆನ್ನಾಗೇ ಇತ್ತಲ್ಲ?" ಎಂದರು ಪ್ರಿಯದರ್ಶಿನಿ. ಸುರಿದದ್ದು ಅವರ ದುಬಾರಿ ವಿಸ್ಕಿ.

"ಐಸ್ ಒಡದೈತ್ರಿ ಮೇಡಂ, ನೀರು ಜಾಸ್ತಿ ಬಿಟ್ಟಿರತೈತಿ."

"ಸ್ವಲ್ಪ ವಿಸ್ಕಿ ಸೇರಿಸಿ ಅಡ್ಜಸ್ಟ್ ಮಾಡು."

"ತಿದ್ದಿದ್ದು ಎಡಿಗೆ ನಡಿಯಂಗಿಲ್ರಿ. ಬ್ಯಾರೆ ಮಾಡ್ತೀನಿ."

ಎಡೆ ಎಂದರೇನೆಂದು ಅಲ್ಲಿ ಯಾರಿಗೆ ಎಷ್ಟು ತಿಳಿಯಿತೋ. ಅವನು ಬೇರೆ ಮಾಡಿದ, ಮೂರೂ ಗ್ಲಾಸು ಸಾಲಾಗಿ ಇಟ್ಟ. ಮುನಿರಾಜಪ್ಪ ಒಂದೊಂದನ್ನೂ ಗುಟುಕರಿಸಿದರು. ಕೊನೆಗೆ ಪಕ್ಕಕ್ಕಿಟ್ಟಿದ್ದನ್ನೂ ಗುಟುಕರಿಸಿ ಮುಖ ಕಿವುಚಿದರು.

"ಇದು ನೀರಾಗಿದೆ. ಆ ಮೂರಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ಯಾರ ಹತ್ರ ಕಲಿತೆ ಮಗಾ?"

"ನಮ್ಮವ್ವನ ಹಂತ್ಯಾಕ್ರಿ."

ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವಳು ನಿಖಿತಾ. ನಾನಂತೂ ಎದ್ದು ನಿಂತು ಶಿಳ್ಳೆ ಹೊಡೆದೆ. ಈ ವಯಸ್ಸಿನಲ್ಲಿ ಶಿಳ್ಳೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

"ಹಾಗಾದ್ರೆ ಕೌಂಟರ್ ನಿನ್ನದೇ. ಹೊಸ ಬಾರಿನ ಪೂಜೆಗೆ ನಿಮ್ಮ ತಾಯೀನೇ ದೀಪ ಹಚ್ಬೇಕು," ಎಂದರು ಪ್ರಿಯದರ್ಶಿನಿ. ಹುಲಿಗೆಪ್ಪನ ಮುಖದಲ್ಲಿದ್ದ ಗೆಲುವೆಲ್ಲ ಇಳಿದುಹೋಯಿತು. ಈಗ ಹೇಳದೆ ವಿಧಿಯಿರಲಿಲ್ಲ.

ಅಂದೇ ಸಂಜೆ ನಮ್ಮ ಹಜಾರದಲ್ಲಿ, ನನ್ನನ್ನೂ ಯಮುನಾಳನ್ನೂ ಕೂರಿಸಿಕೊಂಡು, ಅವನು ತಾಯಿಗೆ ದೀಪ ಹಚ್ಚುವ ಮಾತನ್ನೂ ಸೇರಿಸಿ ಎಲ್ಲವನ್ನೂ ಹೇಳಿದ.

"ನಿಮ್ಮಪ್ಪನ್ನ ತಿಂದದ್ದನ್ನ ನೀ ಮಂದಿಗೆ ಕೊಡ್ತಿ?"

"ಕೊಡ್ತೀನಿ ಬೇ. ಅಮಲೇರಿದವ ಮತ್ತ ಕೇಳಿದ್ರ ಕೊಡಂಗಿಲ್ಲ, ಜಗಳಾನ ಆಗ್ಲಿ."

"ಬಾ ಇಲ್ಲಿ." ಹಿಂದೆ ಗಂಡನ ಬಾಯಿ ಮೂಸಿ ನೋಡುತ್ತಿದ್ದಳಂತೆ, ಹಾಗೆಯೇ ಮಗನ ಬಾಯಿ ಮೂಸಿದಳು. ಕೈ ಹಿಡಿದು ಮೂಸಿದಳು, ಕಿತ್ತಳೆ. "ಆಣಿ ಮುರದಿಲ್ಲಲ್ಲ?"

"ಇಲ್ಲ ಬೇ. ನೀ ಎಡಿ ಅಡಗಿ ಮಾಡ್ದಂಗ ಮಾಡ್ತೀನಿ."

ಒಪ್ಪಿದಳೋ ಬಿಟ್ಟಳೋ ತಿಳಿಯಲಿಲ್ಲ. ಎದ್ದು ಮೇಲೆ ಹೋದಳು. ಪೂಜೆಯ ದಿನದ ತನಕ ಆ ವಿಷಯ ಎತ್ತಲಿಲ್ಲ. ಆ ದಿನ ಸಂಜೆ ಮಾತ್ರ ಇಳಕಲ್ ಸೀರೆ ಉಟ್ಟು ನಮಗಿಂತ ಮೊದಲೇ ಮೆಟ್ಟಿಲಿಳಿದು ಗೇಟಿನ ಹತ್ತಿರ ಕಾಯುತ್ತಿದ್ದಳು.

ದೀಪ ಹಚ್ಚಿದ್ದಾಯಿತು, ಕಾಯಿ ಒಡೆದದ್ದಾಯಿತು. ಮೊದಲ ಗ್ಲಾಸು ನನಗೇ ಎಂದು ಹುಲಿಗೆಪ್ಪ ಕೌಂಟರಿನ ಹಿಂದೆ ನಿಂತ. ಜಟ್ಟೆಮ್ಮ ಬಂದು ನನ್ನ ಪಕ್ಕದಲ್ಲಿ ನಿಂತಳು. ಸಕ್ಕರೆ ಅರೆಯುವುದನ್ನು ನೋಡಿದಳು, ಐಸು ಇಳಿಯುವುದನ್ನು ನೋಡಿದಳು. ಚಮಚ ತಿರುಗತೊಡಗಿದಾಗ ಆಕೆಯ ತಲೆ ಒಂದು ಕಡೆಗೆ ವಾಲಿತು, ಥೇಟ್ ಮಗನ ಹಾಗೆ. ಗ್ಲಾಸಿನ ಹೊರಗೆ ಮಂಜು ಏರುತ್ತಿತ್ತು.

"ಆತು, ತಗಿ," ಎಂದಳು ಜಟ್ಟೆಮ್ಮ.

ಚಮಚ ಆಗಲೇ ಮೇಲೆದ್ದಿತ್ತು. ತಾಯಿ ಮಗ ಮುಖ ಮುಖ ನೋಡಿಕೊಂಡರು. ಆಕೆಯ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. ಜಟ್ಟೆಮ್ಮ ಕಿತ್ತಳೆ ಸಿಪ್ಪೆಯನ್ನು ತಾನೇ ಎತ್ತಿ ಮಗನ ಕೈಗೆ ಕೊಟ್ಟಳು.