ಬಸಳೆ ಚಪ್ಪರಕ್ಕೆ ಬಂದ ಡೇರೆ

ಕುವೈತ್ ಎಂದ ತಕ್ಷಣ ಊರಿನವರ ಕಣ್ಣಿಗೆ ಗಾಜಿನ ಗೋಪುರಗಳು ಕಾಣಿಸುತ್ತವೆ. ನಾನಿರುವುದು ವಫ್ರಾದಲ್ಲಿ. ಅಹ್ಮದಿಯನ್ನು ದಾಟಿ ದಕ್ಷಿಣಕ್ಕೆ ಹೋಗುತ್ತಲೇ ಇದ್ದರೆ ಮರಳು ಮುಗಿದು ಟೊಮೆಟೊ, ಸೌತೆಯ ಹಸಿರುಮನೆಗಳು ಶುರುವಾಗುತ್ತವಲ್ಲ, ಅಲ್ಲಿ. ನನ್ನ ಗಂಡ ಇಲ್ಲಿಯ ಒಂದು ತೋಟದ ಮೇಲ್ವಿಚಾರಕರು. ಬಂದ ಮೊದಲ ತಿಂಗಳು ನಾನು ಅವರೊಡನೆ ನೆಟ್ಟಗೆ ಮಾತೇ ಆಡಲಿಲ್ಲ. ನನ್ನ ತಂಗಿ ಪಟ್ಟಣದೊಳಗೆ, ಬ್ನೇದ್ ಅಲ್ ಗಾರ್‌ನ ಫ್ಲ್ಯಾಟಿನಲ್ಲಿ ಲಿಫ್ಟು ಹತ್ತಿ ಇಳಿಯುವಾಗ ನಾನು ಕುರಿಗೊಬ್ಬರದ ವಾಸನೆ ಕುಡಿಯಬೇಕೇ ಎಂದು ಹೊಟ್ಟೆ ಉರಿಯುತ್ತಿತ್ತು.

ಈಗ ನೋಡಿ, ಶುಕ್ರವಾರದ ರಜೆ ಬಂತೆಂದರೆ ಆ ತಂಗಿಯೇ ಮಕ್ಕಳನ್ನು ಕಾರಿಗೆ ತುಂಬಿಸಿಕೊಂಡು ಇಲ್ಲಿಗೆ ಓಡಿ ಬರುತ್ತಾಳೆ. ನವೆಂಬರಿನ ಮೊದಲ ಚಳಿ ಬಿದ್ದ ಬೆಳಿಗ್ಗೆ ಬಾಗಿಲು ತೆರೆದರೆ ನನಗೆ ಕುಣಿಯಬೇಕು ಅನ್ನಿಸುತ್ತದೆ. ಆರು ತಿಂಗಳು ಮುಖಕ್ಕೆ ಹೊಡೆಯುತ್ತಿದ್ದ ಬಿಸಿಗಾಳಿ ಎಲ್ಲಿಗೋ ಹೋಗಿರುತ್ತದೆ. ಆಗಷ್ಟೇ ಕಿತ್ತ ಸೌತೆಕಾಯಿಯನ್ನು ಸೆರಗಿನಲ್ಲಿ ಒರೆಸಿ ಕಚ್ಚಬಹುದು, ತಂದೂರಿನವನ ಬಿಸಿ ಖುಬ್ಬೂಸ್ ರೊಟ್ಟಿಯನ್ನು ದಾರಿಯಲ್ಲೇ ಅರ್ಧ ಮುಗಿಸಬಹುದು. ತಂಗಿಯ ಮಕ್ಕಳಿಗೆ ನಾನು ಕನ್ನಡದಲ್ಲಿ ಬೈದರೂ "ಓಕೆ, ದೊಡ್ಡಮ್ಮಾ, ಜಸ್ಟ್ ಫೈವ್ ಮಿನಿಟ್ಸ್!" ಎನ್ನುತ್ತ ಕುರಿಮರಿಗಳ ಹಿಂದೆ ಓಡುತ್ತಾರೆ.

ಇಷ್ಟೆಲ್ಲ ಸುಖಕ್ಕೆ ಬುಡ ನನ್ನ ಬಸಳೆ. ಊರಿಂದ ಬರುವಾಗ ನಾಲ್ಕು ಬಳ್ಳಿಯ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಂಡನ ಅಂಗಿಗಳ ನಡುವೆ ಮಲಗಿಸಿ ತಂದಿದ್ದೆ. ಮೂರು ಸತ್ತವು. ಬದುಕಿದ ಒಂದೇ ಒಂದು ನಮ್ಮ ಕ್ವಾರ್ಟರ್ಸಿನ ಎದುರು ಚಪ್ಪರ ತುಂಬ ಹಬ್ಬಿತು. ಅದು ಚಿಗುರಿದ ದಿನವೇ ನಾನು ಗಂಡನೊಡನೆ ಮಾತು ಶುರು ಮಾಡಿದ್ದು.

ಚಳಿ ಶುರುವಾದ ಮೇಲೆ ತೋಟದ ಯಜಮಾನರ ತಾಯಿ ಪಟ್ಟಣದ ಮನೆ ಬಿಟ್ಟು ಇಲ್ಲಿಯ ಬಂಗಲೆಗೆ ಬಂದರು. ಎಂಬತ್ತು ದಾಟಿದ ಅಜ್ಜಿ, ಕೈಯಲ್ಲಿ ಕೋಲು. ಎರಡನೆಯ ದಿನವೇ ಒಂದು ದೊಡ್ಡ ತಟ್ಟೆ ಖರ್ಜೂರ ಕಳಿಸಿದರು. ತಂದವರು ಅವರ ಕಾರು ಓಡಿಸುವ ಬ್ಯಾರಿ ಭಾಯಿ, ನಮ್ಮ ಬಂಟ್ವಾಳದ ಕಡೆಯವರು. ಬಂದ ತಟ್ಟೆಯನ್ನು ಬರಿದಾಗಿ ಹಿಂದಕ್ಕೆ ಕಳಿಸುವ ಕ್ರಮ ನಮ್ಮಲ್ಲಿಲ್ಲ. ಆದರೆ ಅಂದು ಮನೆಯಲ್ಲಿ ಕೊಡುವಂಥದ್ದು ಏನೂ ಇರಲಿಲ್ಲ. ಓಡಿ ಹೋಗಿ ಚಪ್ಪರದಿಂದ ಎಳೆಯ ಬಸಳೆಯನ್ನೇ ಆರಿಸಿ ಕಿತ್ತು, ತೊಳೆದು, ತಟ್ಟೆ ತುಂಬ ಜೋಡಿಸಿ ಕಳಿಸಿದೆ. ಎಷ್ಟು ಹೆಮ್ಮೆ ನನಗೆ!

ಮರುದಿನ ಅದೇ ತಟ್ಟೆಯಲ್ಲಿ ಮಾಂಸದನ್ನ ಬಂತು.

"ಅಕ್ಕ, ಅಜ್ಜಿಗೆ ಭಾರೀ ಖುಷಿ ಆಗಿದೆ," ಎಂದರು ಭಾಯಿ. "ಕುರಿಗಳು ಒಂದೆಲೆ ಬಿಡದೆ ತಿಂದವಂತೆ. ಇನ್ನೂ ಉಂಟಾ ಅಂತ ಕೇಳಿದ್ರು."

"ಎಂತ? ಕುರಿಗಾ?"

"ಅವರಿಗೆಂತ ಗೊತ್ತು ಅಕ್ಕ, ಸೊಪ್ಪು ಕಂಡ್ರೆ ಮೇವು ಅಂತಲೇ ಲೆಕ್ಕ."

ನನಗೆ ಬಂದ ಸಿಟ್ಟಿಗೆ ಆ ಅನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬಹುದಿತ್ತು. ಸುಳ್ಳಾಗುತ್ತದೆ. ಬೈದುಕೊಂಡೇ ಎರಡು ಸಲ ಬಡಿಸಿಕೊಂಡೆ.

ಬುಧವಾರ ಗಂಡ ಮುಖ ಸಣ್ಣದು ಮಾಡಿಕೊಂಡು ಬಂದರು. ವಾರದ ಕೊನೆಯಲ್ಲಿ ಅತಿಥಿಗಳನ್ನು ಕೂರಿಸಲು ಯಜಮಾನರು ಚಳಿಗಾಲದ ಡೇರೆ ಹಾಕಿಸುತ್ತಾರಂತೆ. ಜಾಗ ನಮ್ಮ ಕ್ವಾರ್ಟರ್ಸಿನ ಎದುರೇ. ಶುಕ್ರವಾರ ಬೆಳಿಗ್ಗೆಯೊಳಗೆ ಚಪ್ಪರ ತೆಗೆಯಬೇಕಂತೆ.

"ಬಳ್ಳಿಯ ಬುಡ ಉಳಿಸಲಿಕ್ಕೆ ಹೇಳಿ," ಎಂದೆ.

"ಸುಮ್ಮನಿರು ಮಾರಾಯ್ತಿ. ನಮ್ಮನ್ನು ಇಲ್ಲಿಗೆ ಕರೆಸಿಕೊಂಡ ಕಫೀಲರು ಅವರು. ಜಾಗ ಅವರದ್ದು, ನೀರು ಅವರದ್ದು, ಇಲ್ಲಿರಲಿಕ್ಕೆ ಬೇಕಾದ ಇಕಾಮಾನೂ ಅವರ ಕೈಯಲ್ಲೇ ಉಂಟು. ಒಂದು ಸೊಪ್ಪಿಗಾಗಿ ನಾನು ಹೋಗಿ ಮಾತಾಡುವುದಾ?"

ಅವರು ಮಾತಾಡದಿದ್ದರೆ ಬೇಡ, ನನ್ನ ಹತ್ತಿರ ಅಜ್ಜಿಯ ತಟ್ಟೆ ಇತ್ತು. ಗುರುವಾರ ಬಸಳೆಯ ದಂಟು ಬೇಯಿಸಿ, ಒಣ ಸಿಗಡಿ ಹುರಿದು ಹಾಕಿ, ತೆಂಗಿನಕಾಯಿ ಹುಳಿ ಮೆಣಸು ಅರೆದು ಗಟ್ಟಿ ಸಾರು ಮಾಡಿದೆ. ಅಜ್ಜಿಯ ಬಾಯಿಗೆಂದು ಮೆಣಸು ಅರ್ಧ ಮಾಡಿದ್ದೆ. ಅದರ ಜೊತೆಗೆ ನೀರುದೋಸೆ. ಭಾಯಿ ತಟ್ಟೆ ಹೊತ್ತುಕೊಂಡು ಹೋದರು. ಸಂಜೆಯಾಯಿತು, ತಟ್ಟೆ ಬರಲಿಲ್ಲ. ಪರೀಕ್ಷೆ ಬರೆದು ಬಂದ ಹುಡುಗಿಯಂತೆ ಹತ್ತು ಸಲ ಬಾಗಿಲಿಗೆ ಬಂದು ನೋಡಿದೆ.

ಶುಕ್ರವಾರ ಬೆಳಿಗ್ಗೆ ಪಿಕಪ್ ಬಂತು. ಕಂಬ, ಹಗ್ಗ, ಕಂಬಳಿಯ ರಾಶಿ. ಯಜಮಾನರು ಫೋನಿನಲ್ಲಿ ಮಾತಾಡುತ್ತಲೇ ಚಪ್ಪರದ ಕಡೆ ಕೈ ತೋರಿಸಿದರು. ಕೆಲಸದವನೊಬ್ಬ ಬುಡಕ್ಕೆ ಕೈ ಹಾಕಿದ್ದೇ ತಡ, ನಾನು ಅಡುಗೆಮನೆಯಿಂದ ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಚಪ್ಪರದ ಮುಂದೆ ನಿಂತಿದ್ದೆ. ಕೈಯಲ್ಲಿ ಸೌಟಿತ್ತು. ನನ್ನ ಗಂಡ ಆಕಾಶ ನೋಡುತ್ತಿದ್ದರು.

"ಭಾಯಿ, ಏಕ್ ಮಿನಿಟ್," ಎಂದೆ ಕೆಲಸದವನಿಗೆ. ಸೌಟನ್ನು ಬಳ್ಳಿಗೆ ಅಡ್ಡ ಹಿಡಿದೆ.

ಅಷ್ಟರಲ್ಲಿ ಕೋಲಿನ ಸದ್ದು. ಅಜ್ಜಿ ಬಂಗಲೆಯಿಂದ ನಡೆದೇ ಬರುತ್ತಿದ್ದರು, ಹಿಂದೆ ಬ್ಯಾರಿ ಭಾಯಿ. ಅಜ್ಜಿ ಒಂದು ಎಲೆ ಮುಟ್ಟಿ ಏನೋ ಕೇಳಿದರು.

"ಅಕ್ಕ, ನಿನ್ನೆ ನೀವು ಕಳಿಸಿದ್ದು ಇದೇ ಎಲೆಯಾ ಅಂತ ಕೇಳ್ತಾರೆ."

"ಹೌದು, ಇದೇ. ಕುರಿಗೆ ಹಾಕಿದ್ದೂ ಇದೇ ಅಂತ ಹೇಳಿ!"

ಭಾಯಿ ಎರಡನೆಯದನ್ನೂ ಹೇಳಿಬಿಟ್ಟರು. ಅಜ್ಜಿ ಕೆನ್ನೆಗೆ ಕೈ ಹಚ್ಚಿಕೊಂಡು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಆಮೇಲೆ ಮಗನ ಕಡೆ ತಿರುಗಿ ಕೋಲೆತ್ತಿ ಚಪ್ಪರದ ಆಚೆಯ ಬಯಲು ತೋರಿಸಿದರು. ಯಜಮಾನರು ಏನೋ ವಾದಿಸಲು ಹೊರಟರು. "ಖಲಾಸ್," ಎಂದರು ಅಜ್ಜಿ. ಪಿಕಪ್ ಹಿಂದಕ್ಕೆ ಸರಿಯಿತು. ನಾನು ಸೌಟು ಹಿಡಿದುಕೊಂಡೇ ಅವರನ್ನು ತಬ್ಬಿಕೊಂಡೆ, ಅವರ ಕಪ್ಪು ಬಟ್ಟೆಗೆ ಸಾರಿನ ಕಲೆ ಆಯಿತು. ಗಂಡ ಆಕಾಶದಿಂದ ಕೆಳಗಿಳಿದು, ತಾನೇ ಎಲ್ಲ ಏರ್ಪಾಡು ಮಾಡಿದವರಂತೆ ಕೆಲಸದವರಿಗೆ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡತೊಡಗಿದರು.

ಮುಂದಿನ ಶುಕ್ರವಾರ ಡೇರೆಗೆ ಅಜ್ಜಿಯ ತಂಗಿಯರು, ಗೆಳತಿಯರು ಬಂದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಬ್ಬರು ಚಪ್ಪರದ ಹತ್ತಿರ ಬಂದು, ಎಲೆಗಳನ್ನು ಮೆಚ್ಚಿ, ಒಂದು ಕುಡಿ ಚಿವುಟಲು ಕೈ ಚಾಚಿದರು. ಅಜ್ಜಿ ಅವರ ಮಣಿಕಟ್ಟು ಹಿಡಿದು ತಡೆದು, ನನ್ನ ಕಿಟಕಿಯ ಕಡೆ ತೋರಿಸಿ ಏನೋ ಹೇಳಿದರು. ಅದನ್ನು ನನಗೆ ಯಾರೂ ಕನ್ನಡಕ್ಕೆ ತಿರುಗಿಸಬೇಕಾಗಿರಲಿಲ್ಲ. ಆರು ಜನ ಮುದುಕಿಯರು ತಮ್ಮದೇ ತೋಟದಲ್ಲಿ ನಿಂತು, ನನ್ನ ಅಪ್ಪಣೆಗಾಗಿ ಕಾಯುತ್ತ ನನ್ನನ್ನೇ ನೋಡುತ್ತಿದ್ದರು.